ಹಾಸಿಗೆ ಹುಣ್ಣು: ಒಂದು ತೀರ್ಪಿನ ವಿಮರ್ಶೆ

ಹಾಸಿಗೆ ಹುಣ್ಣು ಬಹುಮಟ್ಟಿಗೆ ರೋಗದ ದೋಷವಲ್ಲ, ಶುಶ್ರೂಷೆಯ ದೋಷವೆಂದು ಫ್ಲಾರೆನ್ಸ್ ನೈಟಿಂಗೇಲರು ೧೮೫೯ರ ತಮ್ಮ ಶುಶ್ರೂಷಾಗ್ರಂಥದಲ್ಲಿ ತೀರ್ಪಿತ್ತರು. ತೀವ್ರ ನಿಗಾ ಘಟಕದ ರೋಗಿಗೆ ಇದನ್ನು ಹಾಗೆಯೇ ಅನ್ವಯಿಸುವುದು ನಮಗೆ ಒಪ್ಪಿಗೆಯಿಲ್ಲ. ರಕ್ತದೊತ್ತಡ ಕುಸಿದವನಿಗೆ ಕೊಡುವ ಮದ್ದು ರಕ್ತನಾಳಗಳನ್ನು ಕಿರಿದುಗೊಳಿಸಿ ಜೀವವನ್ನುಳಿಸುತ್ತದೆ; ಚರ್ಮಕ್ಕೆ ಹರಿಯುವ ರಕ್ತವೂ ಅದರಿಂದಲೇ ಕುಗ್ಗುತ್ತದೆ. ಅಪಾಯವನ್ನು ಮುಂಗಾಣಲು ೧೯೮೭ರಲ್ಲಿ ಪ್ರಕಟವಾದ ಬ್ರೇಡನ್ ಮಾಪನವು ಸಂವೇದನೆ, ತೇವ, ನಡೆದಾಟ, ಅಂಗಚಲನೆ, ಆಹಾರ, ಉಜ್ಜಾಟ ಎಂಬ ಆರನ್ನು ಎಣಿಸುತ್ತದೆಯೇ ಹೊರತು ಈ ಮದ್ದನ್ನಲ್ಲ. ಪ್ರಜ್ಞೆಯಿಲ್ಲದೆ ಮಲಗಿದವರು ಬಹುತೇಕ ಅಪಾಯದ ಪಂಕ್ತಿಗೇ ಸೇರುವುದರಿಂದ, ಯಾರ ಮೇಲೆ ಹೆಚ್ಚು ಕಣ್ಣಿಡಬೇಕೆಂಬುದೂ ಅದರಿಂದ ಸ್ಪಷ್ಟವಾಗದು. ಆದರೆ ಹಿಮ್ಮಡಿಯನ್ನು ಹಾಸಿಗೆಗೆ ತಗುಲದಂತೆ ಎತ್ತಿಡದಿದ್ದರೆ, ಉಸಿರಾಟದ ಕೊಳವೆ ಒತ್ತುವ ತುಟಿಯನ್ನು ಪಾಳಿಗೊಮ್ಮೆಯಾದರೂ ನೋಡದಿದ್ದರೆ, ನೈಟಿಂಗೇಲರ ಆಕ್ಷೇಪಣೆ ಅಲ್ಲಿ ಇಂದಿಗೂ ನಿಲ್ಲುತ್ತದೆ.