‘ಫಲಾನುಭವಿ’: ಒಂದು ಪದವಿಚಾರ

ಗ್ರಾಮೀಣ ಹಾಗೂ ಆದಿವಾಸಿ ಜನರ ಉನ್ನತಿಗೆಂದು ರಚಿತವಾಗುವ ಯೋಜನೆಗಳ ಬರವಣಿಗೆಯನ್ನು ಸಾಹಿತ್ಯದಂತೆ ಎಚ್ಚರದಿಂದ ಯಾರೂ ಓದುವುದಿಲ್ಲ. ಓದುವುದು ಮೇಲೆಂದು ನನಗೆ ತೋರುತ್ತದೆ. ಕಾವ್ಯದಲ್ಲಿ ಪದವೊಂದು ಸಡಿಲವಾದರೆ ರಸಭಂಗವಾದೀತು, ಅಷ್ಟೆ. ಯೋಜನೆಯಲ್ಲಿ ಪದ ಸಡಿಲವಾದರೆ ಒಂದು ಸಮುದಾಯದ ಅನ್ನಕ್ಕೇ ಸಂಚಕಾರ ಬಂದೀತು.

ಈ ಬರವಣಿಗೆಯ ನಾಯಕನಿಗೆ ಇಟ್ಟಿರುವ ಹೆಸರು ‘ಫಲಾನುಭವಿ’. ಬ್ಯಾಂಕಿನ ವೃತ್ತಿಯಲ್ಲಿರುವ ನನಗೆ ಇದರ ಪರಿಚಯ ನಿತ್ಯದ್ದು. ನಮ್ಮ ಖಾತೆಗಳಲ್ಲಿ ಸಾಲಗಾರನಿಗೆ ಋಣವುಂಟು, ಆದುದರಿಂದಲೇ ಹಕ್ಕೂ ಉಂಟು. ಠೇವಣಿದಾರನಂತೂ ಧಣಿಯೇ ಸರಿ. ಫಲಾನುಭವಿಗೆ ಮಾತ್ರ ಋಣವೂ ಇಲ್ಲ, ಹಕ್ಕೂ ಇಲ್ಲ. ಆತ ಕರ್ಮಣಿ ಪ್ರಯೋಗದಲ್ಲಿಯೇ ಬದುಕುವ ಮನುಷ್ಯ: ಅವನನ್ನು ಗುರುತಿಸಲಾಗುತ್ತದೆ, ಅವನಿಗೆ ಹಂಚಲಾಗುತ್ತದೆ, ಅವನನ್ನು ಮೇಲೆತ್ತಲಾಗುತ್ತದೆ. 1987ರ ಬ್ರುಂಡ್‌ಟ್ಲೆಂಡ್ ವರದಿಯ ತರುವಾಯ ಅಭಿವೃದ್ಧಿಗೆ ‘ಸುಸ್ಥಿರ’ ಎಂಬ ವಿಶೇಷಣವೂ ಸೇರಿತು. ಮುಂದಿನ ಪೀಳಿಗೆಯ ಅವಶ್ಯಕತೆಗಳಿಗೆ ಧಕ್ಕೆ ತಾರದೆ ಇಂದಿನವನ್ನು ಪೂರೈಸಬೇಕೆಂಬ ಅದರ ಅರ್ಥ ನಿರ್ದುಷ್ಟವೇ. ಧಕ್ಕೆಯಾಯಿತೇ ಇಲ್ಲವೇ ಎಂದು ಅಳೆಯುವವರು ಯಾರೆಂಬುದಕ್ಕೆ ಮಾತ್ರ ವಿಶೇಷಣ ಉತ್ತರ ಕೊಡದು.

ಬಿಳಿಗಿರಿರಂಗನ ಬೆಟ್ಟದ ಉದಾಹರಣೆಯನ್ನು ಪರಿಶೀಲಿಸೋಣ. ಅಲ್ಲಿಯ ಸೋಲಿಗರ ನಂಬಿಕೆಯಂತೆ ರಂಗಸ್ವಾಮಿಯು ಅವರ ಕುಲದ ಕುಸುಮಾಲೆಯನ್ನು ವರಿಸಿ ಅವರಿಗೆ ಭಾವನಾದವನು. ದೇವರೇ ನಂಟನಾಗಿರುವ ಆ ಕಾಡು 1974ರಲ್ಲಿ ಅಭಯಾರಣ್ಯವಾಯಿತು. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ ಆಸ್ಪತ್ರೆ, ಶಾಲೆ, ಕುಶಲಕಲೆಗಳ ಮೂಲಕ ಮಾಡಿದ ಸೇವೆಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ದೊರೆಯಿತು. ಆ ಸೇವೆಯ ಹಿರಿಮೆಯನ್ನು ಕುಗ್ಗಿಸುವ ಉದ್ದೇಶ ನನಗೆ ಲವಲೇಶವೂ ಇಲ್ಲ. ಆದರೆ ವನ್ಯಜೀವಿ ಕಾಯಿದೆಯ ತಿದ್ದುಪಡಿಯನ್ನು ಆಧರಿಸಿ 2006ರಲ್ಲಿ ಜೇನು, ನೆಲ್ಲಿಕಾಯಿ ಮೊದಲಾದ ಕಾಡುತ್ಪತ್ತಿಗಳ ಸಂಗ್ರಹವನ್ನು ನಿಷೇಧಿಸಿದಾಗ, ಸೋಲಿಗರ ವರಮಾನದ ಗಣನೀಯ ಭಾಗ ಒಂದೇ ಪೆಟ್ಟಿಗೆ ಕಡಿದುಹೋಯಿತು. ಕಾಲು ಶತಮಾನದ ಸೇವೆಯಿಂದಲೂ ಅದನ್ನು ತಡೆಯಲಾಗಲಿಲ್ಲ. ಏಕೆಂದರೆ ಆ ವರಮಾನ ನಿಂತಿದ್ದುದು ಅನುಮತಿಯ ಮೇಲೆ, ಹಕ್ಕಿನ ಮೇಲಲ್ಲ. ಅನುಮತಿ ಕೊಟ್ಟವನು ಹಿಂತೆಗೆದುಕೊಳ್ಳಬಲ್ಲ. ಸಾಲದ ಪತ್ರಗಳನ್ನು ನೋಡಿ ಬಲ್ಲವರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಕಿಯ ವಿಷಯವೂ ಇಂಥದೇ. ಸೋಲಿಗರು ಬೇಸಿಗೆಯ ಆರಂಭದಲ್ಲಿ ನೆಲದ ಒಣಗಿದೆಲೆಗಳನ್ನು ಲಘುವಾಗಿ ಸುಡುತ್ತಿದ್ದರು. ಇದಕ್ಕೆ ‘ತರಗು ಬೆಂಕಿ’ ಎಂದು ಹೆಸರು. ಕಾಡಿನ ರಕ್ಷಣೆಯ ಹೆಸರಿನಲ್ಲಿ ಇದನ್ನು ನಿಲ್ಲಿಸಲಾಯಿತು. ಲಾಂಟಾನಾ ಪೊದೆ ಬೆಟ್ಟವನ್ನೆಲ್ಲ ಆವರಿಸಿದ್ದಕ್ಕೂ ನೆಲ್ಲಿಯ ಮರಗಳಿಗೆ ಬಂದಳಿಕೆ ಮುತ್ತಿದ್ದಕ್ಕೂ ಆ ಬೆಂಕಿ ಆರಿದುದೇ ಕಾರಣವೆಂದು ಸೋಲಿಗರ ವಾದ. ಸಂಶೋಧಕರಲ್ಲಿ ಅನೇಕರು ಈ ವಾದಕ್ಕೆ ಮನ್ನಣೆ ಕೊಟ್ಟಿದ್ದಾರೆ. ಫಲಾನುಭವಿಯಿಂದ ಇಂಥ ಜ್ಞಾನವನ್ನು ಯಾರು ನಿರೀಕ್ಷಿಸುತ್ತಾರೆ? ಫಲವನ್ನು ಅನುಭವಿಸುವುದಷ್ಟೇ ಅವನ ಪಾಲಿನ ಕೆಲಸವಲ್ಲವೆ! 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ 2011ರಲ್ಲಿ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ದೊರೆತ ಮೇಲೆಯೇ ಸೋಲಿಗರ ಮಾತಿಗೆ ಕಾನೂನಿನ ಬೆನ್ನೆಲುಬು ಬಂದದ್ದು. ಅದೇ ವರ್ಷದ ಜನವರಿಯಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಗಿತ್ತೆಂಬುದನ್ನು ಮರೆಯಬಾರದು.

ಇನ್ನು ಮುಂಬಯಿಯ ಕನ್ನಡಿಗರಾದ ನಾವು ನಿಂತ ನೆಲದ ಮಾತು. ಇದೇ ಮಹಾರಾಷ್ಟ್ರದ ಪೂರ್ವದ ಅಂಚಿನ ಗಡಚಿರೋಲಿ ಜಿಲ್ಲೆಯಲ್ಲಿ ಮೇಂಢಾ ಎಂಬ ಪುಟ್ಟ ಗೊಂಡರ ಹಳ್ಳಿಯಿದೆ. ಲೇಖಾ ಎಂಬ ನೆರೆಯೂರಿನ ಹೆಸರನ್ನು ಸೇರಿಸಿ ಮೇಂಢಾ-ಲೇಖಾ ಎನ್ನುವುದು ರೂಢಿ. ದೇವಾಜಿ ತೋಫಾ ಅವರ ಮುಂದಾಳುತನದಲ್ಲಿ, ಮೋಹನ್ ಹೀರಾಬಾಯಿ ಹೀರಾಲಾಲ್ ಅವರ ಒಡನಾಟದಲ್ಲಿ, ಈ ಊರು ಬಹುಮತದಿಂದಲ್ಲ, ಸರ್ವಸಮ್ಮತಿಯಿಂದ ನಿರ್ಣಯ ಕೈಗೊಳ್ಳುವುದನ್ನು ದಶಕಗಳ ಕಾಲ ಅಭ್ಯಾಸ ಮಾಡಿತು. 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಮೇಲೆ ಅದಕ್ಕೆ ಸಾಮುದಾಯಿಕ ಹಕ್ಕು ದೊರೆಯಿತು.

ಮತ್ತೆ ತೊಡಕಾದುದು ಪದದಿಂದಲೇ. 1927ರ ಅರಣ್ಯ ಕಾಯಿದೆಯ ವ್ಯಾಖ್ಯೆಯಲ್ಲಿ 2017ರ ತಿದ್ದುಪಡಿಯವರೆಗೆ ಬಿದಿರು ‘ಮರ’ವಾಗಿತ್ತು. 2006ರ ಕಾಯಿದೆಯಲ್ಲಿ ಅದೇ ಬಿದಿರು ‘ಕಿರು ಅರಣ್ಯ ಉತ್ಪನ್ನ’. ಮರವೆಂದರೆ ಇಲಾಖೆಯ ಸ್ವತ್ತು, ಕಿರು ಉತ್ಪನ್ನವೆಂದರೆ ಊರಿನದು. ಸಸ್ಯಶಾಸ್ತ್ರಜ್ಞರನ್ನು ಕೇಳಿದ್ದರೆ ಅದು ಹುಲ್ಲಿನ ಜಾತಿಯೆಂದು ಹೇಳಿ ಮುಗಿಸುತ್ತಿದ್ದರು! ಹಕ್ಕು ಕೈಗೆ ಬಂದರೂ ಸಾಗಣೆಯ ಪರವಾನಗಿ ಬಾರದೆ ಊರವರು ಕಾದರು. 2011ರ ಏಪ್ರಿಲ್‌ನಲ್ಲಿ ಕೇಂದ್ರ ಪರಿಸರ ಮಂತ್ರಿ ಜೈರಾಮ್ ರಮೇಶ್ ಅವರು ಊರಿಗೇ ಬಂದಾಗ ಸಾಗಣೆ ರಹದಾರಿಯ ಪುಸ್ತಕ ಗ್ರಾಮಸಭೆಯ ವಶವಾಯಿತು. ಬಿದಿರು ಅದೇ, ಕಡಿಯುವ ಕೈ ಅದೇ. ರಸೀತಿ ಪುಸ್ತಕ ಮಾತ್ರ ಕೈ ಬದಲಿಸಿತು. ಯಾವುದೇ ಯೋಜನೆಯನ್ನು ತೂಗುವಾಗ ನಾನು ಮೊದಲು ನೋಡುವುದು ಇದನ್ನೇ: ಪುಸ್ತಕ ಯಾರ ಪೆಟ್ಟಿಗೆಯಲ್ಲಿದೆ?

ಎಲ್ಲ ಊರುಗಳೂ ಮೇಂಢಾ ಆಗಲಾರವು ಎಂಬ ಆಕ್ಷೇಪವುಂಟು, ಅದು ನಿಜ. ಹಕ್ಕುಪತ್ರ ಪಡೆದ ಗ್ರಾಮಸಭೆಗಳಲ್ಲಿಯೂ ಕೈಯಲ್ಲಿ ಕಾಸಿಲ್ಲದಿದ್ದರೆ ಬೀಡಿ ಎಲೆಯ ಸುಗ್ಗಿಯಲ್ಲಿ ಗುತ್ತಿಗೆದಾರನ ಮುಂಗಡಕ್ಕೇ ಕೈಯೊಡ್ಡಬೇಕಾಗುತ್ತದೆ, ಮುಂಗಡ ಕೊಟ್ಟವನೇ ಬೆಲೆಯನ್ನೂ ಕಟ್ಟುತ್ತಾನೆ. ಇಲ್ಲಿ ತಪ್ಪಿತಸ್ಥರು ಆದಿವಾಸಿಗಳಲ್ಲ, ನಮ್ಮ ವೃತ್ತಿಯವರೇ. ಸಾಮುದಾಯಿಕ ಅರಣ್ಯವನ್ನು ಒತ್ತೆಯಿಡಲು ಬಾರದು, ಇಡಲೂ ಕೂಡದು. ಮೇಂಢಾದವರು 2013ರಲ್ಲಿ ತಮ್ಮ ಸ್ವಂತ ಹೊಲಗಳನ್ನೂ ಗ್ರಾಮದಾನವಾಗಿ ಸಭೆಗೆ ಒಪ್ಪಿಸಿದ ಮೇಲೆ ಅಡಮಾನದ ಕಾಗದವನ್ನು ಹುಡುಕುವ ಬ್ಯಾಂಕಿಗೆ ಅಲ್ಲಿ ಏನೂ ಸಿಗದು. ಆದರೆ ವರ್ಷವರ್ಷದ ಕಟಾವಿನ ಲೆಕ್ಕ, ಮಾರಾಟದ ರಸೀತಿ, ಊರೆಲ್ಲ ಕೂಡಿ ಒಪ್ಪಿದ ನಿರ್ಣಯ, ಇವು ಜಾಮೀನಲ್ಲವೆ? ನಗರದ ವ್ಯಾಪಾರಿಗೆ ಗೋದಾಮಿನ ಸರಕನ್ನೂ ಬರಬೇಕಾದ ಬಾಕಿಯನ್ನೂ ನೋಡಿ ದುಡಿಯುವ ಬಂಡವಾಳವನ್ನು ಕೊಡುವ ನಾವು, ಗ್ರಾಮಸಭೆಗೆ ಒಂದು ಸುಗ್ಗಿಯ ಮಟ್ಟಿಗೆ ಅದನ್ನೇ ಕೊಡಬಹುದು. ಹಾಗೆ ಕೊಟ್ಟ ದಿನ ನಮ್ಮ ಪುಸ್ತಕದಲ್ಲಿ ಆ ಗ್ರಾಮಸಭೆಯ ಹೆಸರು ‘ಸಾಲಗಾರ’ರ ಕಲಮಿನಲ್ಲಿ ಬರುತ್ತದೆ, ತೀರಿಸುವ ಹೊಣೆಯೊಡನೆ, ಬಡ್ಡಿಯ ದರದ ಬಗ್ಗೆ ತಕರಾರು ಮಾಡುವ ಅಧಿಕಾರದೊಡನೆ.