ತೆಳುವಾದಷ್ಟೂ ಒಳ್ಳೆಯದೇ?

ಎಳೆಯ ಮಕ್ಕಳ ಹೃದಯದ ಆಂಜಿಯೊಗ್ರಾಂಗೆ ಆದಷ್ಟೂ ಸಣ್ಣ ಕ್ಯಾತಿಟರ್ (ರಕ್ತನಾಳದೊಳಗೆ ತೂರಿಸುವ ಕೊಳವೆ) ಬಳಸಬೇಕೆಂಬುದು ಈಗ ಬಹುತೇಕ ನಿಯಮವೇ ಆಗಿದೆ. ಅದಕ್ಕೆ ಗಟ್ಟಿ ಕಾರಣವೂ ಇದೆ. ನವಜಾತ ಶಿಶುವಿನ ತೊಡೆಸಂದಿನ ಅಪಧಮನಿಯ ಅಗಲ 2–3 ಮಿ.ಮೀ. ಆಸುಪಾಸು. 3 ಫ್ರೆಂಚ್ ಅಳತೆಯ ಕ್ಯಾತಿಟರ್ 1 ಮಿ.ಮೀ. ದಪ್ಪವಿರುತ್ತದೆ, ಅದು ಹಾದುಹೋಗುವ ಶೀತ್‌ನ ಹೊರಮೈ ಇನ್ನೂ ದಪ್ಪ. ನಾಳ ಅರ್ಧಕ್ಕರ್ಧ ತುಂಬಿಕೊಂಡರೆ ರಕ್ತ ಹೆಪ್ಪುಗಟ್ಟಿ, ಪಾದ ತಣ್ಣಗಾಗಿ, ನಾಡಿಯೇ ಸಿಗದೆ ಹೋಗಬಹುದು. ಹೆಪ್ಪಾರಿನ್ ಕೊಡುವುದು, ಆಮೇಲೆ ನರ್ಸ್ ಗಳಿಗೆಗೊಮ್ಮೆ ಪಾದ ಮುಟ್ಟಿ ನೋಡುವುದು ಇದೇ ಭಯಕ್ಕೆ.

ಆದರೆ ನಾಳಕ್ಕೆ ಒಗ್ಗುವ ಕೊಳವೆ ಚಿತ್ರಕ್ಕೂ ಒಗ್ಗಬೇಕೆಂದಿಲ್ಲ. ಶಿಶುವಿನ ಹೃದಯ ನಿಮಿಷಕ್ಕೆ 120–160 ಸಲ ಬಡಿಯುತ್ತದೆ. ಚಿತ್ರ ಮೂಡಲೆಂದು ಕೊಳವೆಯಿಂದ ಹಾಯಿಸುವ ಡೈ ಒಂದೇ ಏಟಿಗೆ ನುಗ್ಗದಿದ್ದರೆ ಎರಡು ಬಡಿತದೊಳಗೆ ಕೊಚ್ಚಿಹೋಗಿ, ತೆರೆಯ ಮೇಲೆ ಮಸುಕು ನೆರಳಷ್ಟೇ ಉಳಿಯುತ್ತದೆ. ಕೊಳವೆಯ ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ ಎನ್ನುತ್ತದೆ ಪ್ವಾಸೋಯ್ ನಿಯಮ: ಒಳವ್ಯಾಸ ಐದರಲ್ಲೊಂದು ಪಾಲು ಕುಗ್ಗಿದರೂ ಹರಿವು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಒತ್ತಡ ಹೆಚ್ಚಿಸೋಣವೆಂದರೆ, ತುದಿಯಲ್ಲೊಂದೇ ರಂಧ್ರವಿರುವ ಕ್ಯಾತಿಟರ್‌ನಿಂದ ಚಿಮ್ಮಿದ ಡೈ ಹೃದಯದ ಸ್ನಾಯುವಿಗೇ ಹೊಕ್ಕೀತು. ತೆಳು ಗೋಡೆಯ, ಪಕ್ಕದಲ್ಲಿ ಹಲವು ರಂಧ್ರಗಳಿರುವ ಪಿಗ್‌ಟೇಲ್ ಕ್ಯಾತಿಟರ್‌ನ ಬೆಲೆ ತಿಳಿಯುವುದು ಇಲ್ಲೇ. ಅದೂ ಸಾಲದೆ ಚಿತ್ರ ಮಸುಕಾದರೆ ಮತ್ತೊಮ್ಮೆ ಡೈ, ಮತ್ತೊಮ್ಮೆ ಎಕ್ಸ್-ರೇ. ಮೂರು ಕೆ.ಜಿ. ಮಗುವಿನ ಮೈಯಲ್ಲಿರುವ ರಕ್ತವೇ ಸುಮಾರು ಕಾಲು ಲೀಟರ್. ಒಮ್ಮೆಗೆ ಮೂರು ಮಿ.ಲೀ. ಡೈ ಎಂದರೂ ಅದಕ್ಕೆ ಸಣ್ಣದಲ್ಲ. ಕಾಲು ಉಳಿಸಲು ಹೊರಟ ಜಾಗ್ರತೆಯ ಹೊರೆ ಆಗ ಮೂತ್ರಪಿಂಡದ ಮೇಲೆ ಬೀಳುತ್ತದೆ.

ಬರೀ ನೋಡುವುದಕ್ಕೇ ಆದರೆ, ಹೃದಯದ ರಚನೆಯನ್ನು ಎಕೋ ಸೂಜಿ ಚುಚ್ಚದೆ ತೋರಿಸುತ್ತದೆ. ದೊಡ್ಡ ನಾಳಗಳಿಗೆ ಸಿ.ಟಿ. ಇದೆ. 1966ರಲ್ಲಿ ವಿಲಿಯಂ ರಶ್‌ಕಿಂಡ್ ಬಲೂನ್ ಕ್ಯಾತಿಟರ್‌ನಿಂದ ಹೃತ್ಕರ್ಣಗಳ ನಡುವಿನ ಗೋಡೆ ಸೀಳಿ ನೀಲಿಗಟ್ಟಿದ ಶಿಶುಗಳಿಗೆ ಉಸಿರು ಕೊಡುವ ದಾರಿ ತೋರಿದಂದಿನಿಂದ ಈ ಕೊಳವೆ ಚಿಕಿತ್ಸೆಯ ಸಾಧನವೂ ಹೌದು. ಒತ್ತಡ ಅಳೆಯಬೇಕಾದಾಗ, ಅದೇ ಸಿಟ್ಟಿಂಗ್‌ನಲ್ಲಿ ಕವಾಟ ಬಿಡಿಸಬೇಕಾದಾಗ ಸಣ್ಣ ಕ್ಯಾತಿಟರ್‌ಗೆ ಸಾಟಿಯಿಲ್ಲ. ಎಕೋ ಹೇಳಿದ್ದನ್ನೇ ಮತ್ತೊಮ್ಮೆ ಹೇಳಿಸಲು ಅದನ್ನು ತೂರಿಸುವುದು, ಎಷ್ಟೇ ತೆಳುವಿದ್ದರೂ, ಅತಿಯೇ.

ಹಾಗಾಗಿ ‘ಇಷ್ಟು ಸಣ್ಣದರಲ್ಲೇ ಮುಗಿಸಿದೆವು’ ಎಂಬ ಹೆಮ್ಮೆಯನ್ನು ಅಷ್ಟಕ್ಕೇ ಒಪ್ಪಲಾಗದು. ಬಳಸಿದ ಡೈ ಎಷ್ಟು, ಎಕ್ಸ್-ರೇ ಎಷ್ಟು ಹೊತ್ತು, ಮರುದಿನ ಪಾದದ ನಾಡಿ ಹೇಗಿತ್ತು ಎಂಬ ಮೂರನ್ನೂ ಫ್ರೆಂಚ್ ಅಳತೆಯ ಪಕ್ಕದಲ್ಲೇ ಬರೆದಿಟ್ಟ ಕ್ಯಾಥ್ ಲ್ಯಾಬ್‌ನ ಆಯ್ಕೆಯನ್ನು ಮಾತ್ರ ತೂಗಿ ನೋಡಲು ಸಾಧ್ಯ.