ಮನೆಯೋ, ಬೀದಿಯೋ?

ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ನನ್ನ ಮಗಳು ಗೆಳತಿಯರೊಡನೆ ಆಡುವ ಹಿಂದಿಯನ್ನು ಕೇಳಿದರೆ, ಅವಳ ತಂದೆತಾಯಿ ಹಾಸನದ ಕಡೆಯವರೆಂದು ಯಾರೂ ನಂಬರು. ನಾವು ಕನ್ನಡದಲ್ಲಿ ಕೇಳಿದ್ದಕ್ಕೂ ಉತ್ತರ ಹಿಂದಿಯಲ್ಲೇ. ತಪ್ಪು ನಮ್ಮದೆಂದು ನಾನೂ ನನ್ನಾಕೆಯೂ ಬಹುಕಾಲ ಕೊರಗಿದ್ದೇವೆ. ಜೂಡಿತ್ ರಿಚ್ ಹ್ಯಾರಿಸ್ ಅವರ 'ದಿ ನರ್ಚರ್ ಅಸಂಪ್ಷನ್' (1998) ಓದಿದ ಮೇಲೆ ಆ ಕೊರಗು ಅರ್ಧ ಇಳಿಯಿತು. ಉಳಿದರ್ಧದ ಬಗ್ಗೆ ಲೇಖಕಿಯೊಡನೆ ನನ್ನ ತಕರಾರಿದೆ.

1960ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವು ಇವರನ್ನು ಡಾಕ್ಟರೇಟಿಗೆ ತಕ್ಕವರಲ್ಲವೆಂದು ಕಳುಹಿಸಿಬಿಟ್ಟಿತು. ಆ ಪತ್ರಕ್ಕೆ ರುಜು ಹಾಕಿದವರು ಜಾರ್ಜ್ ಮಿಲ್ಲರ್. ಮುಂದೆ ಇವರ 1995ರ ಲೇಖನಕ್ಕೆ ದೊರೆತ ಬಹುಮಾನವೂ ಅದೇ ಮಿಲ್ಲರರ ಹೆಸರಿನದು! (ಕಚೇರಿಯಲ್ಲಿ ಮೆಮೊ ಪಡೆದವರು ಧೈರ್ಯ ತಂದುಕೊಳ್ಳಬಹುದು.)

ಮಕ್ಕಳ ಸ್ವಭಾವಗಳ ವ್ಯತ್ಯಾಸದಲ್ಲಿ ಸುಮಾರು ಅರ್ಧ ಹುಟ್ಟಿನಿಂದ ಬಂದದ್ದು, ಉಳಿದದ್ದರಲ್ಲಿ ಓರಗೆಯವರ ಗುಂಪಿನ ಕೈವಾಡವೇ ಹೆಚ್ಚು, ತಂದೆತಾಯಿಯರ ಶಿಸ್ತು ಮುದ್ದುಗಳದ್ದು ಅತ್ಯಲ್ಪ ಎಂಬುದು ಲೇಖಕಿಯ ವಾದ. ಒಂದೇ ಮನೆಯಲ್ಲಿ ಬೆಳೆದ ದತ್ತು ಮಕ್ಕಳು ದೊಡ್ಡವರಾದ ಮೇಲೆ ಸ್ವಭಾವದಲ್ಲಿ ಪರಸ್ಪರ ಹೋಲುವುದಿಲ್ಲವೆಂಬುದು ಅದಕ್ಕೊಂದು ಸಾಕ್ಷಿ. ಇನ್ನೊಂದು ಸಾಕ್ಷಿ ನಮ್ಮಂಥವರದ್ದೇ: ವಲಸೆ ಬಂದವರ ಮಕ್ಕಳು ತಾಯಿಯ ಉಚ್ಚಾರಣೆಯನ್ನು ಬಿಟ್ಟು ಬೀದಿಯ ಉಚ್ಚಾರಣೆಯನ್ನು ಹಿಡಿಯುತ್ತಾರೆ. ಇದನ್ನು ಪರೀಕ್ಷಿಸಲು ನನಗೆ ಪ್ರಯೋಗಾಲಯ ಬೇಕಿಲ್ಲ, ಮೆಟ್ಟಿಲೇ ಸಾಕು.

ದತ್ತಿನ ಸಾಕ್ಷಿಯನ್ನು ಮಾತ್ರ ನನ್ನ ಬಿ.ಎಸ್ಸಿ. ಬುದ್ಧಿ ಪೂರ್ತಿ ಒಪ್ಪದು. ಎಲ್ಲ ಗದ್ದೆಗಳಿಗೂ ಒಂದೇ ಸಮ ಗೊಬ್ಬರ ಹಾಕಿದ್ದರೆ ಇಳುವರಿಯ ಹೆಚ್ಚುಕಡಿಮೆಗೆ ಗೊಬ್ಬರ ಕಾರಣವಲ್ಲ, ನಿಜ. ಹಾಗೆಂದು ಗೊಬ್ಬರವೇ ಬೇಡವೆನ್ನಲಾದೀತೆ? ದತ್ತು ಕೊಡುವಾಗ ಮನೆಯನ್ನು ವಿಚಾರಿಸಿಯೇ ಕೊಡುತ್ತಾರೆ. ಹೀಗೆ ಆರಿಸಿದ ಮನೆಗಳೊಳಗೆ ಹೋಲಿಸಿದರೆ ವ್ಯತ್ಯಾಸ ಕಡಮೆಯೇ ಕಾಣುತ್ತದೆ.

ಮನೆಯಲ್ಲಿ ಕಲಿತದ್ದು ಮನೆಗೇ ಸೀಮಿತವೆನ್ನುತ್ತಾರೆ ಲೇಖಕಿ. ಇರಲಿ. ರಜೆಯಲ್ಲಿ ಊರಿನ ಅಜ್ಜಿ ಹೇಳುವ ಕತೆ ಮಗಳಿಗೆ ಅರ್ಥವಾಗುವುದು ಆ ಮನೆಯ ಕನ್ನಡದಿಂದಲೇ. ಅಜ್ಜಿಯ ಲೆಕ್ಕದಲ್ಲಿ ಇದು ಸಣ್ಣದಲ್ಲ.

ಆದರೂ ಪುಸ್ತಕವನ್ನು ನಮ್ಮ ಸಂಘದವರು ಓದಬೇಕು. ಭಾನುವಾರದ ತರಗತಿಯಲ್ಲಿ ಒಂದು ಗಂಟೆ ಕಾಗುಣಿತ ತಿದ್ದಿಸುತ್ತೇವೆ. ಗಂಟೆ ಹೊಡೆದೊಡನೆ ಮಕ್ಕಳು ಹಿಂದಿಯಲ್ಲಿ ಕೂಗುತ್ತಾ ಓಡುತ್ತವೆ. ಕಳೆದ ರಾಜ್ಯೋತ್ಸವದ ನಾಟಕಕ್ಕಾಗಿ ಹನ್ನೆರಡು ಮಕ್ಕಳು ತಿಂಗಳುಗಟ್ಟಲೆ ತಾಲೀಮಿಗೆ ಸೇರುತ್ತಿದ್ದರು. ಆಗ ಮಾತ್ರ ನನ್ನ ಮಗಳು, ರಾಜನ ಕಿರೀಟ ಯಾರಿಗೆಂಬ ವಿಚಾರದಲ್ಲಿ, ಅಪ್ಪಟ ಕನ್ನಡದಲ್ಲಿ ಜಗಳವಾಡಿದ್ದನ್ನು ಕಿವಿಯಾರೆ ಕೇಳಿದ್ದೇನೆ.